ಬೆಂಚಿನ ಕೆಳಗಿನ ಜಾಡಿ

ನನ್ನ ಗಂಡ ಮಕಾರ್ಯೊ ಮೀನು ಹಿಡಿಯುವುದರಲ್ಲಿ ಅಷ್ಟಕ್ಕಷ್ಟೆ, ಮಾಡು ಹೊದಿಸುವುದರಲ್ಲಿ ಅದಕ್ಕಿಂತಲೂ ಕಡೆ. ಆದರೆ ಲೋಟಕ್ಕೆ ಕಳ್ಳು ಬಗ್ಗಿಸುವುದರಲ್ಲಿ ಈ ದ್ವೀಪದಲ್ಲೇ ಅವನಿಗೆ ಸಮ ಇಲ್ಲವೆಂದು ಹೆಸರು. ಹೆಂಡತಿಯಾದವಳು ಇದಕ್ಕೆ ಹೆಮ್ಮೆ ಪಡಬೇಕೋ ಹಣೆ ಚಚ್ಚಿಕೊಳ್ಳಬೇಕೋ ಎಂದು ಮದುವೆಯಾದಂದಿನಿಂದ ಯೋಚಿಸುತ್ತಲೇ ಇದ್ದೇನೆ.

ನಮ್ಮಲ್ಲಿ ಕುಡಿಯುವುದಕ್ಕೂ ಒಂದು ಕ್ರಮ ಉಂಟು. ಎಷ್ಟು ಜನ ಕೂತರೂ ಲೋಟ ಒಂದೇ, ಹೂಜಿ ಒಬ್ಬನದೇ ಕೈಯಲ್ಲಿ. ಅವನು ಬಗ್ಗಿಸಿ ಕೊಡಬೇಕು, ತೆಗೆದುಕೊಂಡವನು ಒಂದೇ ಉಸಿರಿಗೆ ಕುಡಿದು ಲೋಟ ಹಿಂದಿರುಗಿಸಬೇಕು, ಆಮೇಲೆ ಪಕ್ಕದವನ ಸರದಿ. ನಮ್ಮ ಲೋಟದ ಮೇಲೆ ಒಂದು ಕೆಂಪು ಹೂವಿನ ಚಿತ್ರವಿದೆ. ಕಳ್ಳು ಆ ಹೂವಿನ ಎಸಳು ಮುಟ್ಟಬೇಕು, ದಾಟಬಾರದು. ಹೆಚ್ಚು ಕೊಟ್ಟರೆ ಪಕ್ಷಪಾತ, ಕಡಿಮೆ ಕೊಟ್ಟರೆ ಜಗಳ. ಎಲ್ಲರದೂ ಆದ ಮೇಲೆ ಬಗ್ಗಿಸುವವನ ಸರದಿ ಬರುತ್ತದೆ. ಅವನು ತನಗೆಷ್ಟು ಬಗ್ಗಿಸಿಕೊಂಡ ಎಂದು ಯಾರೂ ನೋಡಕೂಡದು. ನೋಡಿದರೆ ಅವನನ್ನು ಕಳ್ಳ ಎಂದು ಕರೆದ ಹಾಗೆ. ಆದ್ದರಿಂದ ಆ ಹೊತ್ತಿಗೆ ಉಳಿದವರೆಲ್ಲ ಸಮುದ್ರದ ಕಡೆ ಮುಖ ತಿರುಗಿಸುತ್ತಾರೆ. ಇಗರ್ಜಿಯಲ್ಲಿ ಪಾದ್ರಿಗೂ ಅವರು ಅಷ್ಟು ಮರ್ಯಾದೆ ಕೊಡುವುದನ್ನು ನಾನು ಕಂಡಿಲ್ಲ.

ನಮ್ಮ ಮನೆಯೆದುರಿನ ಕಾಡುಬಾದಾಮಿ ಮರದಡಿ ಬಿದಿರು ಸೀಳುಗಳ ಬೆಂಚಿದೆ. ಬಿಸಿಲು ಇಳಿದರೆ ಅಲ್ಲಿ ನಾಲ್ವರು ಹಾಜರು. ಹೂಜಿ ಹಿಡಿದು ನನ್ನ ಗಂಡ. ಅವನ ಎಡಕ್ಕೆ ಕ್ರಿಸ್ಪೊ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವವನು. ಅವನು ಎಂಥ ಮಾತನ್ನಾದರೂ ಸಹಿಸಿಯಾನು, ಕಳ್ಳು ಹುಳಿಯಾಗಿದೆ ಎಂಬ ಒಂದು ಮಾತನ್ನು ಬಿಟ್ಟು. ಆಮೇಲೆ ದೋಣಿ ಕಟ್ಟುವ ರುಫೊ, ವಾರಕ್ಕೊಂದು ಮಾತಾಡಿದರೆ ಹೆಚ್ಚು. ಕೊನೆಗೆ ತಾಸ್ಯೊ. ಇವನು ಹಡಗಿನಲ್ಲಿ ಅಡುಗೆಯವನಾಗಿದ್ದು ಲೋಕವೆಲ್ಲ ಸುತ್ತಿ ಬಂದವನು, ಆದರೆ ತಂದದ್ದು ಒಂದೇ ಕಥೆ. ಬಿರುಗಾಳಿಗೆ ಸಿಕ್ಕಿದ ಹಡಗು, ಗೋಡೆಯಿಂದ ಗೋಡೆಗೆ ಹಾರುವ ಪಾತ್ರೆಗಳು. ಅಷ್ಟರಲ್ಲಿ ಕ್ಯಾಪ್ಟನ್ ಅಡುಗೆಮನೆಗೆ ನುಗ್ಗಿ, ಬಾಗಿಲಿಗೆ ಚಿಲಕ ಹಾಕಿ, ತಾಸ್ಯೊ ನಿನಗೊಂದು ಮಾತು ಹೇಳಬೇಕು ಎನ್ನುತ್ತಾನೆ.

ಏನು ಹೇಳಿದ ಎನ್ನುವುದು ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕಥೆ ಚಿಲಕದ ತನಕ ಬರುವ ಹೊತ್ತಿಗೆ ರುಫೊ ಗೊರಕೆ ಹೊಡೆಯುತ್ತಿರುತ್ತಾನೆ, ಕ್ರಿಸ್ಪೊ ಹಾಡಲು ಶುರುಮಾಡಿರುತ್ತಾನೆ, ನನ್ನ ಗಂಡ ಸತ್ತುಹೋದ ತನ್ನ ಎಮ್ಮೆಯನ್ನು ನೆನೆದು ಅಳುತ್ತಿರುತ್ತಾನೆ. ನನ್ನನ್ನು ನೆನೆದು ಅತ್ತದ್ದು ಮಾತ್ರ ಒಂದು ದಿನವೂ ಇಲ್ಲ.

ಹೀಗಿರುವಾಗ ಮಕಾರ್ಯೊನ ಕಣ್ಣು ಹಳದಿಯಾದವು, ಹೊಟ್ಟೆ ಊದಿತು. ಪಟ್ಟಣಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಅವನ ಹೊಟ್ಟೆ ಒತ್ತಿ ನೋಡಿ, ಈಜು ಬಿಟ್ಟು ಬೇರೆ ಏನನ್ನು ಮಾಡಿದರೂ ಬದುಕುತ್ತೀಯ, ಆದರೆ ಇನ್ನು ಮುಂದೆ ಒಂದು ಹನಿ ಕುಡಿದರೂ ಬದುಕುವುದಿಲ್ಲ ಎಂದರು. ಈಜು ಯಾಕೆ ಬೇಡವೋ ನನಗೆ ಇವತ್ತಿಗೂ ತಿಳಿಯದು. ಮೊದಲ ದಿನಗಳ ನಡುಕಕ್ಕೆಂದು ಮಾತ್ರೆ ಕೊಟ್ಟರು. ದೋಣಿಯಲ್ಲಿ ಹಿಂದಿರುಗುವಾಗ ಅವನು ಬಾಯಿ ಬಿಡಲಿಲ್ಲ. ಸಾವಿಗೆ ಹೆದರಿದ್ದಾನೆ ಪಾಪ ಎಂದುಕೊಂಡೆ. ದಡ ಹತ್ತಿರವಾದಾಗ ಅವನೇ ಹೇಳಿದ.

"ನಾನೂ ಅಂಬ್ರೊ ಥರ ಆಗೋಗ್ತೀನಿ ಕಣೇ ಪಿಲಾ."

ಅಂಬ್ರೊ ನಮ್ಮ ಎದುರುಮನೆಯವನು. ಹಿಂದೆ ಅವನೂ ಆ ಬೆಂಚಿನವನೇ. ಹೆಂಡತಿ ಸಾಯುವಾಗ ಕೊಟ್ಟ ಮಾತಿಗೆಂದು ಕುಡಿಯುವುದನ್ನು ಬಿಟ್ಟ. ಮೊದಮೊದಲು ಗೆಳೆಯರು ಬಹಳ ಗೌರವದಿಂದ ಕರೆದು ಕೂರಿಸಿಕೊಂಡರು. ಆಮೇಲೆ ಲೋಟ ಅವನನ್ನು ದಾಟಿಕೊಂಡು ಹೋಗತೊಡಗಿತು. ಲೋಟದ ಹಿಂದೆ ಮಾತೂ ದಾಟಿತು. ಬೆಂಚಿನ ಮೇಲೆ ಅವನ ಜಾಗ ಒಂದೊಂದೇ ಬೆರಳು ಕಿರಿದಾಗಿ, ಒಂದು ಸಂಜೆ ಇಲ್ಲವೇ ಆಯಿತು. ಈಗ ಅಂಗಳದಲ್ಲಿ ಕೂತು ತನ್ನ ಹುಂಜಕ್ಕೆ ಊರಿನ ರಾಜಕೀಯ ಹೇಳುತ್ತಾನೆ. ಅದೂ ಕೇಳಿ ಕೇಳಿ ಬೇಸತ್ತು ಬೆನ್ನು ತಿರುಗಿಸಿ ಕೂರುತ್ತದೆ.

ಮಕಾರ್ಯೊಗೆ ಕಳ್ಳು ಬಿಡುವುದು ಕಷ್ಟವೇ, ಆದರೆ ಬೆಂಚು ಬಿಡುವುದು ಸಾವು. ಎಲ್ಲ ಗೊತ್ತಿದ್ದೂ ಅವನು ಬೆಂಚಿಗಾಗಿ ಕಳ್ಳು ಕುಡಿದು ಸಾಯುವ ಪೈಕಿಯ ಗಂಡಸು. ನಾನು ಅತ್ತೆ, ಬೈದೆ, ಅನ್ನದ ತಟ್ಟೆ ಕುಕ್ಕಿದೆ. ಆಮೇಲೆ ಬೆಂಚನ್ನೇ ನೋಡುತ್ತ ಕೂತೆ. ಅದರ ಸೀಳುಗಳ ನಡುವೆ ಬೇಕಾದಷ್ಟು ಸಂದು. ಬಗ್ಗಿಸುವವನು ಕುಡಿಯುವಾಗ ಯಾರೂ ನೋಡುವುದಿಲ್ಲ. ಇಷ್ಟು ಸಾಕಾಯಿತು ನನಗೆ.

ಮರುದಿನ ಬೆಳಗ್ಗೆ ಮರದಡಿ ಗುಡಿಸುವ ನೆವದಲ್ಲಿ ಹೋಗಿ, ಬೆಂಚಿನ ಕೆಳಗೆ ಮರಳು ತೋಡಿ ಒಂದು ಮಣ್ಣಿನ ಜಾಡಿ ಹೂತೆ. ಮಕಾರ್ಯೊನ ಬಲತೊಡೆಯ ಪಕ್ಕದ ಸಂದಿಗೆ ಒಂದು ಬಿದಿರ ಕೊಳವೆ ಸಿಕ್ಕಿಸಿ ಅದರ ತುದಿ ಜಾಡಿಯೊಳಗೆ ಬರುವಂತೆ ಮಾಡಿದೆ. ಮೇಲಿನ ಬಾಯಿಗೆ ಅವನ ಅಂಗಿಯ ಚುಂಗು ಮರೆ. ಎಲ್ಲರೂ ಸಮುದ್ರ ನೋಡುವಾಗ ಲೋಟವನ್ನು ತುಟಿಯ ತನಕ ಒಯ್ದು ಆಮೇಲೆ ಕೊಳವೆಗೆ ಸುರಿಯಬೇಕು, ಕೊನೆಗೆ ಮಾಮೂಲಿನಂತೆ ತೃಪ್ತಿಯಿಂದ ಕೆಮ್ಮಬೇಕು. ಕೆಮ್ಮನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿದೆ. ದೇವರ ಆಣೆ, ಆ ಮನುಷ್ಯ ಅಷ್ಟು ಶ್ರದ್ಧೆಯಿಂದ ಬೇರೆ ಯಾವುದನ್ನೂ ಕಲಿತವನಲ್ಲ.

ಮೊದಮೊದಲು ನೋಡಲಾಗುತ್ತಿರಲಿಲ್ಲ. ಮೂಗಿನ ಕೆಳಗೇ ಲೋಟ, ಕೈ ನಡುಗುತ್ತಿತ್ತು, ಸುರಿಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಎಮ್ಮೆ ನೆನಪಾಯಿತೇನೋ ಎಂದು ಗೆಳೆಯರು ಸಮಾಧಾನ ಮಾಡುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಜಪಮಾಲೆ ಎಣಿಸುತ್ತಿದ್ದೆ. ಬರಬರುತ್ತ ನಡುಕ ನಿಂತಿತು, ಕಣ್ಣು ಬೆಳ್ಳಗಾದವು. ಒಂದು ಸಂಜೆ ಮನೆಗೆ ಬಂದವನು ಸುತ್ತ ನೋಡಿ, ಕಿಟಕಿಗೆ ನೀಲಿ ಬಣ್ಣ ಯಾವಾಗ ಹೊಡೆಸಿದೆ ಎಂದು ಕೇಳಿದ. ನಿನ್ನ ಮಗಳ ಮದುವೆಗೆ ಎಂದೆ. ಮಗಳಿಗೆ ಈಗ ಮೂರು ಮಕ್ಕಳು.

ದಿನಾ ಬೆಳಗ್ಗೆ ಗುಡಿಸಲು ಹೋಗಿ ಜಾಡಿ ಬದಲಿಸುತ್ತಿದ್ದೆ. ತುಂಬಿದ್ದನ್ನು ಚೆಲ್ಲಲು ಮನಸ್ಸು ಬಾರದೆ ಬಟ್ಟೆ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟೆ. ಕುಡಿಯದ ಕಳ್ಳು ಏನಾಗುತ್ತದೆ? ಹುಳಿಯಾಗಿ, ಹುಳಿ ಮಾಗಿ ವಿನೆಗರ್ ಆಗುತ್ತದೆ. ಅಂಥ ವಿನೆಗರನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಆಗಷ್ಟೇ ದಡಕ್ಕೆ ಬಂದ ಮೀನನ್ನು ಕೊಚ್ಚಿ ಅದರಲ್ಲಿ ನೆನೆಸಿ, ಶುಂಠಿ, ಈರುಳ್ಳಿ, ಜೀರಿಗೆಮೆಣಸು ಬೆರೆಸಿ ಬೆಂಚಿಗೆ ಒಂದು ತಟ್ಟೆ ಕಳಿಸಿದೆ. ತಾಸ್ಯೊ ಮೂಸಿ ನೋಡಿ, ವಿನೆಗರ್ ಎಲ್ಲಿಯದು ಎಂದು ಅಡುಗೆಯವನ ಗತ್ತಿನಲ್ಲಿ ಕೇಳಿದ. ಅಕ್ಕನ ಮನೆಯದು ಎಂದೆ. ಅಲ್ಲಿಂದ ದಿನಾ ತಟ್ಟೆ ಬೇಕಾಯಿತು. ಬಾಯಿ ಮೀನಿನಲ್ಲಿದ್ದಷ್ಟು ಹೊತ್ತು ಲೋಟ ಸುಮ್ಮನೆ ಕೂತಿರುತ್ತಿತ್ತು. ಹೂಜಿಯ ತಳದಲ್ಲಿ ಕಳ್ಳು ಉಳಿಯಲಾರಂಭಿಸಿತು. ಅದನ್ನು ಗಮನಿಸಿದವಳು ನಾನೊಬ್ಬಳೇ.

ಮಕಾರ್ಯೊಗೆ ಹೊಸ ಹುಚ್ಚೊಂದು ಹಿಡಿಯಿತು. ಅದು ತಾಸ್ಯೊನ ಕಥೆ. ಎಚ್ಚರವಾಗಿ ಕೂತು ಕೇಳಿದವನಿಗೆ ಒಂದು ವಿಷಯ ಹೊಳೆದಿತ್ತು. ಚಿಲಕ ಹಾಕಿದ ಕೂಡಲೇ ತಾಸ್ಯೊ, ಎಲ್ಲಿ ಒಂದು ಸುತ್ತು ಬಗ್ಗಿಸು ಎನ್ನುತ್ತಾನಂತೆ. ಪ್ರತಿ ಸಲವೂ ಅಷ್ಟೇ. ಒಂದು ಸುತ್ತು ಮುಗಿಯುವಷ್ಟರಲ್ಲಿ ಯಾರಿಗೂ ಕಥೆ ನೆನಪಿರುವುದಿಲ್ಲ. ರಾತ್ರಿ ಊಟಕ್ಕೆ ಕೂತರೆ ನಮ್ಮಿಬ್ಬರಿಗೂ ಅದೇ ಮಾತು. ಹಡಗಿನಲ್ಲಿ ಕಳ್ಳಸಾಗಣೆ ನಡೆದಿತ್ತು ಎಂದು ಅವನು, ಕ್ಯಾಪ್ಟನ್ನು ಹೆಂಗಸಿರಬೇಕು ಎಂದು ನಾನು. ಎಷ್ಟೋ ವರ್ಷದ ಮೇಲೆ ನಾವಿಬ್ಬರು ನಗುತ್ತ ಉಂಡೆವು.

ಅಷ್ಟರಲ್ಲಿ ಆಚೆ ದ್ವೀಪದಲ್ಲಿ ನನ್ನ ಅಕ್ಕನ ಗಂಡ ತೀರಿಕೊಂಡ. ಸಾವಿನ ಮನೆಯ ಪ್ರಾರ್ಥನೆಗಳೆಲ್ಲ ಮುಗಿಯುವ ತನಕ ನಾನು ಅಲ್ಲೇ ಉಳಿಯಬೇಕಾಯಿತು. ಹೋಗುವಾಗ ಜಾಡಿ ಬದಲಿಸು ಎಂದು ಹೇಳಿಯೇ ಹೋಗಿದ್ದೆ. ಬದಲಿಸುವುದು ಹೇಗೆ? ಮಕಾರ್ಯೊ ಪೊರಕೆ ಹಿಡಿದು ಬೆಂಚಿನ ಕೆಳಗೆ ಬಗ್ಗಿದ್ದನ್ನು ಕಂಡಿದ್ದರೆ ಊರವರು ಅವನಿಗೆ ಏನೋ ಮೆಟ್ಟಿಕೊಂಡಿದೆ ಎಂದು ಪಾದ್ರಿಯನ್ನು ಕರೆಸುತ್ತಿದ್ದರು.

ನಾನು ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಜಾಡಿ ತುಂಬಿ, ಉಕ್ಕಿ, ಬಿಸಿಲಿಗೆ ಹುಳಿತು, ಮರಳೆಲ್ಲ ಒದ್ದೆಯಾಗಿ ಬೆಂಚಿನ ಸುತ್ತ ನಾತ. ಕೈಯಲ್ಲಿ ಕಳ್ಳಿನ ಲೋಟ, ಮೂಗಿಗೆ ಹುಳಿ ವಾಸನೆ. ಇದರಲ್ಲಿ ಯಾರಾದರೂ ಏನೆಂದು ತಿಳಿಯುತ್ತಾರೆ? ವಾರದ ತನ್ನ ಒಂದು ಮಾತನ್ನು ರುಫೊ ಅದಕ್ಕೇ ಖರ್ಚು ಮಾಡಿದ್ದ. ಕಳ್ಳು ಹುಳಿ ಹೊಡೆಯುತ್ತಿದೆ ಎಂದುಬಿಟ್ಟಿದ್ದ.

ಕ್ರಿಸ್ಪೊ ಆ ದಿನ ಸುಮ್ಮನೆ ಎದ್ದು ಹೋದ. ಕಳ್ಳು ಹಿಡಿಯುವ ತನ್ನ ಬಿದಿರು ಕೊಳವೆಗಳನ್ನೆಲ್ಲ ಕುದಿಯುವ ನೀರಲ್ಲಿ ತೊಳೆದ. ಕಳ್ಳಿಗೆ ಕೆಂಪು ಕೊಡುವ ಕಾಂಡ್ಲಾ ಮರದ ತೊಗಟೆಯನ್ನು ಬಿಸಾಡಿ ಹೊಸದು ತಂದ. ಬೇರೆ ಮರಗಳನ್ನು ಹತ್ತಿದ. ಏನು ಮಾಡಿದರೂ ಬೆಂಚಿಗೆ ಬಂದು ಕೂತರೆ ಅದೇ ವಾಸನೆ. ಕೊನೆಗೆ ತಾಸ್ಯೊ, ವಯಸ್ಸಾಯಿತು ಕ್ರಿಸ್ಪೊ, ನಿನ್ನ ಮೂಗು ಹೋಗಿದೆ ಎಂದು ಹೇಳಿದನಂತೆ. ಕ್ರಿಸ್ಪೊ ಸೊಂಟದ ಕತ್ತಿ ಬಿಚ್ಚಿ ಬೆಂಚಿನ ಮೇಲಿಟ್ಟು, ಇನ್ನು ನಾನು ಮರ ಹತ್ತುವುದಿಲ್ಲ ಎಂದು ಹೇಳಿ ಹೊರಟುಹೋದ. ಅಂದಿನಿಂದ ಬಾಗಿಲು ತೆರೆದಿಲ್ಲ.

ಇದನ್ನೆಲ್ಲ ಹೇಳಿ ಮಕಾರ್ಯೊ ತಲೆ ತಗ್ಗಿಸಿ ಕೂತ. ನನಗೆ ಮೈಯೆಲ್ಲ ಉರಿಯಿತು. ಜಾಡಿ ನನ್ನದು, ಯೋಚನೆ ನನ್ನದು, ಒಪ್ಪುತ್ತೇನೆ. ಆದರೆ ಬಾಯಿ ಅವನದಲ್ಲವೇ?

"ಕ್ರಿಸ್ಪೊ ಕತ್ತಿ ಇಡುವಾಗ ನಿನ್ನ ಬಾಯಿಗೇನಾಗಿತ್ತು?"

"ಬಾಯಿ ಬಿಟ್ಟಿದ್ರೆ ನನ್ನ ಜಾಗ ಹೋಗ್ತಿತ್ತು."

"ಈಗ ಅವನ ಜಾಗ ಹೋಗಿದೆ. ನಿನ್ನದಕ್ಕೆ ಬದಲು ಅವನದು."

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಅನ್ನ ಮುಟ್ಟಲಿಲ್ಲ. ಆ ರಾತ್ರಿ ಅವನು ಎದ್ದು ಹೋಗಿ ಎಲ್ಲಾದರೂ ಕುಡಿದುಬಿಟ್ಟರೆ ಎಂದು ನನಗೆ ಭಯವಾಯಿತು. ಹೋಗಲಿಲ್ಲ. ಮರುದಿನ ಮಧ್ಯಾಹ್ನ ಕ್ರಿಸ್ಪೊನ ಮನೆ ಬಾಗಿಲು ತಟ್ಟಿದ. ಒಳಗಿನಿಂದ ಸದ್ದಿಲ್ಲ. ನನ್ನ ಗಂಡ ದಡ್ಡನಲ್ಲ, ಸೋಮಾರಿ ಅಷ್ಟೆ. ಕ್ರಿಸ್ಪೊ, ನಿನ್ನ ಕತ್ತಿ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಿದೆ, ರುಫೊ ಅದರಲ್ಲಿ ಮೀನಿನ ಹೊಟ್ಟೆ ಸೀಳುತ್ತಿದ್ದಾನೆ ಎಂದು ಹೇಳಿ ಹಿಂದೆ ನೋಡದೆ ಬಂದ. ಬೆನ್ನಿಗೇ ಕ್ರಿಸ್ಪೊ ದಾಪುಗಾಲು ಹಾಕುತ್ತ ಬಂದ. ಪಾಪ ರುಫೊ ಆ ಕತ್ತಿಯನ್ನು ಮುಟ್ಟಿಯೂ ಇರಲಿಲ್ಲ.

ಬೆಂಚಿನಲ್ಲಿ ಎಲ್ಲರೂ ಇದ್ದರು. ಮಕಾರ್ಯೊ ಮಂಡಿಯೂರಿ, ಬೆಂಚಿನ ಕೆಳಗೆ ಕೈ ಹಾಕಿ, ಜಾಡಿಯನ್ನು ಎಳೆದು ಹೊರಗಿಟ್ಟ. ನೊಣ, ನೊರೆ, ಘಾಟು. ಕೊಳವೆಯನ್ನೂ ಕಿತ್ತು ಪಕ್ಕದಲ್ಲಿ ಇಟ್ಟ.

"ಹುಳಿ ನಿನ್ನ ಕಳ್ಳಿಂದಲ್ಲ ಕ್ರಿಸ್ಪೊ, ನನ್ನಿಂದ. ಮಳೆ ಶುರುವಾದಾಗಿಂದ ನಾನು ಒಂದು ಹನೀನೂ ಕುಡಿದಿಲ್ಲ. ಎಲ್ಲ ಇದರೊಳಗೆ ಸುರಿದಿದ್ದೀನಿ."

ಮೊದಲು ಮಾತಾಡಿದವನು ರುಫೊ. ಆ ವಾರ ಅವನಿಗೆ ಎರಡನೆಯ ಮಾತು ಬಂತು.

"ನಾವು ನಿಂಗೆ ಮರ್ಯಾದೆ ಕೊಟ್ಟು ಸಮುದ್ರ ನೋಡ್ತಿದ್ವಿ."

ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಆದರೆ ತಾಸ್ಯೊನ ಮುಖ ಬಿಳಿಚಿಕೊಂಡದ್ದು ಬೇರೆಯೇ ಕಾರಣಕ್ಕೆ.

"ಅಂದ್ರೆ ನೀನು ನನ್ನ ಕಥೇನ ಎಚ್ಚರವಾಗಿ ಕೇಳ್ತಿದ್ಯಾ?"

"ಎಲ್ಲಾನೂ. ಹಡಗಿನ ಹೆಸರು ಮೂರು ಸಲ ಬದಲಾಗಿದೆ."

ಮಕಾರ್ಯೊ ಎಲ್ಲವನ್ನೂ ಹೇಳಿದ. ಡಾಕ್ಟರು, ಹೊಟ್ಟೆ, ಹಳದಿ ಕಣ್ಣು. ಎದುರು ಅಂಗಳದಲ್ಲಿ ಹುಂಜದ ಮುಂದೆ ಕೂತಿದ್ದ ಅಂಬ್ರೊನ ಕಡೆ ಕೈ ತೋರಿಸಿ, ಹಾಗಾಗಲು ಧೈರ್ಯ ಇರಲಿಲ್ಲ ಎಂದ. "ನಂಗೆ ಕಳ್ಳು ಬೇಡ ಕಣ್ರೋ. ಜಾಗ ಬೇಕು. ಅಷ್ಟೇ." ಬಾಗಿಲಲ್ಲಿ ನಿಂತಿದ್ದ ನಾನು ಅಂಗಿಯ ತೋಳಲ್ಲೇ ಕಣ್ಣೊರೆಸಿಕೊಂಡೆ.

ಕ್ರಿಸ್ಪೊ ಮುಂದೆ ಬಂದ. ಜಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನೊರೆ ಸರಿಸಿ, ಬೆರಳದ್ದಿ ನಾಲಗೆಗೆ ಇಟ್ಟುಕೊಂಡ. ಕಣ್ಣು ಮುಚ್ಚಿದ. ಹಳೆಯ ಜಾಡಿಗಳು ಇವೆಯೇ ಎಂದು ನನ್ನನ್ನು ಕೇಳಿದ. ಮೂಲೆಯಲ್ಲಿ ಮಾಗುತ್ತಿದ್ದ ಎಲ್ಲಕ್ಕಿಂತ ಹಳೆಯದನ್ನು ತಂದುಕೊಟ್ಟೆ. ಅದನ್ನೂ ನೆಕ್ಕಿದ. ನೀವು ಇಷ್ಟು ದಿನ ತಿಂದು ಬೆರಳು ಚೀಪಿದ ಮೀನಿನ ವಿನೆಗರ್ ಇದೇ, ಅಕ್ಕನ ಮನೆಯದಲ್ಲ ಎಂದು ನಾನೂ ಒಪ್ಪಿಕೊಂಡೆ.

"ಹಾಳು ಕಳ್ಳು ಇಂಥ ವಿನೆಗರ್ ಆಗಲ್ಲ," ಎಂದು ಕ್ರಿಸ್ಪೊ ಎದ್ದು ನಿಂತ. ಕತ್ತಿಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ತಾಸ್ಯೊನ ಕಡೆ ತಿರುಗಿದ. "ಯಾರ ಮೂಗು ಹೋಗಿದೆ ಅಂದ್ಯಲ್ಲ, ಇನ್ನೊಂದ್ಸಲ ಹೇಳು."

ತಾಸ್ಯೊ ತನ್ನ ಮೂಗನ್ನೇ ಮುಟ್ಟಿ ನೋಡಿಕೊಂಡ.

ಬಗ್ಗಿಸುವವನು ಮೋಸ ಮಾಡಿದರೆ ಹೂಜಿ ಕಿತ್ತುಕೊಂಡು ಕಳಿಸುವುದು ವಾಡಿಕೆ. ಆದರೆ ಅನ್ಯಾಯ ಆದದ್ದು ಕ್ರಿಸ್ಪೊಗೆ, ತೀರ್ಪೂ ಅವನದೇ. ಅವನು ಮರಕ್ಕೆ ಹೋಗಿ ಅಂದಿನ ಕಳ್ಳನ್ನು ಇಳಿಸಿಕೊಂಡು ಬಂದು ಹೇಳಿದ. ಹೂಜಿ ಮಕಾರ್ಯೊನ ಕೈಯಲ್ಲೇ ಇರಲಿ, ಕುಡಿಯದವನ ಕೈ ನಡುಗುವುದಿಲ್ಲ. ಆದರೆ ಪ್ರತಿ ಸುತ್ತಿಗೂ ಲೋಟ ಅವನಲ್ಲಿ ನಿಲ್ಲಬೇಕು, ಹೂವಿನ ಎಸಳು ಮುಟ್ಟುವಷ್ಟು ವಿನೆಗರ್ ಕುಡಿಯಬೇಕು. ಎಲ್ಲರೂ ಕಣ್ಣು ಬಿಟ್ಟು ನೋಡಬೇಕು.

ಮೊದಲ ಲೋಟಕ್ಕೆ ಮಕಾರ್ಯೊನ ಮುಖ ಹೇಗಾಯಿತೆಂದರೆ, ರುಫೊ ನಕ್ಕು ನಕ್ಕು ಬೆಂಚಿನಿಂದ ಜಾರಿ ಬಿದ್ದ. ಎರಡನೆಯದಕ್ಕೆ ಮುಂಚೆ ನಾನು ಜಾಡಿಯನ್ನು ಒಳಗೆ ಒಯ್ದು, ಒಂದಿಷ್ಟಕ್ಕೆ ಎಳನೀರು, ಜಜ್ಜಿದ ಶುಂಠಿ, ತೆಂಗಿನ ಬೆಲ್ಲ ಸೇರಿಸಿ ತಂದೆ. ಶಿಕ್ಷೆ ಕೊಡುವವರು ಅವರು, ಗಂಡ ನನ್ನವನು. ಮಕಾರ್ಯೊ ಮುಖ ಕಿವುಚಿಯೇ ಕುಡಿದ, ಆದರೆ ತುಟಿ ಒರೆಸಿಕೊಳ್ಳುವುದು ತಡವಾಯಿತು. ಮೂರನೆಯದಕ್ಕೆ ರುಫೊ ಅನುಮಾನದಿಂದ ಲೋಟ ಕಿತ್ತುಕೊಂಡು ಒಂದು ಗುಟುಕು ಹೀರಿದ. ನನ್ನನ್ನು ನೋಡಿದ. ಪೂರ್ತಿ ಕುಡಿದ. ಮುಂದಿನ ಸುತ್ತಿಗೆ, ತಾನೂ ಕ್ರಿಸ್ಪೊನ ಕಳ್ಳನ್ನು ಹುಳಿ ಎಂದಿದ್ದೆನಲ್ಲ, ತನಗೂ ಶಿಕ್ಷೆ ಆಗಬೇಕು ಎಂದು ಕೈ ಚಾಚಿದ.

ಅಷ್ಟರಲ್ಲಿ ತಾಸ್ಯೊ ಅಭ್ಯಾಸಬಲದಿಂದ ಹಡಗು ಹತ್ತಿಬಿಟ್ಟಿದ್ದ. ಬಿರುಗಾಳಿ ಬೀಸಿತು, ಪಾತ್ರೆಗಳು ಹಾರಿದವು, ಕ್ಯಾಪ್ಟನ್ ಬಂದ, ಚಿಲಕ ಬಿತ್ತು. ತಾಸ್ಯೊ, ಎಲ್ಲಿ ಒಂದು ಸುತ್ತು ಬಗ್ಗಿಸು ಎಂದ. ಮಕಾರ್ಯೊ ಹೂಜಿಯ ಬಾಯಿಗೆ ಅಂಗೈ ಅಡ್ಡ ಇಟ್ಟ.

"ಮೊದಲು ಕ್ಯಾಪ್ಟನ್ ಏನಂದ ಹೇಳು."

ತಾಸ್ಯೊ ಅತ್ತಿತ್ತ ನೋಡಿದ. ರುಫೊ ಗೊರಕೆ ಹೊಡೆಯುತ್ತಿರಲಿಲ್ಲ. ಕ್ರಿಸ್ಪೊ ಹಾಡುತ್ತಿರಲಿಲ್ಲ. ನಾನು ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದೆ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಕೊನೆಗೆ ಅವನು ಹೇಳಿಯೇಬಿಟ್ಟ.

"ನಂಗೆ ತುಂಬ ಭಯ ಆಗ್ತಿದೆ ತಾಸ್ಯೊ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತ್ಕೋ ಅಂದ. ನಾನು ಬಾಟ್ಲಿ ತೆಗೆಯೋಕೆ ಹೋದೆ. ಬೇಡ, ಸುಮ್ನೆ ಕೂತ್ಕೋ ಅಂದ. ಗಾಳಿ ನಿಲ್ಲೋವರೆಗೂ ಕೂತಿದ್ವಿ. ಅಷ್ಟೇ. ಇದನ್ನ ಕುಡಿಯೋರ ಮುಂದೆ ಹೇಗೆ ಹೇಳೋದು, ಕಥೆ ಅಂತಾರಾ ಇದಕ್ಕೆ?"

ಯಾರೂ ನಗಲಿಲ್ಲ. ಎದುರಂಗಳದಲ್ಲಿ ಅಂಬ್ರೊ ಹುಂಜಕ್ಕೆ ಏನೋ ಹೇಳುತ್ತಿದ್ದದ್ದು ಕೇಳುತ್ತಿತ್ತು. ರುಫೊ ಆ ಕಡೆ ನೋಡಿದ. ನೋಡುತ್ತಲೇ ಬೆಂಚಿನ ಮೇಲೆ ಸರಿದು ಕೂತ. ಕ್ರಿಸ್ಪೊನೂ ಸರಿದ. ನಡುವೆ ಒಬ್ಬ ಕೂರುವಷ್ಟು ಜಾಗವಾಯಿತು.

"ಅಂಬ್ರೊ," ಎಂದು ಮಕಾರ್ಯೊ ಕೂಗಿದ, "ಬಾರೋ ಇಲ್ಲಿ. ಆ ಕೋಳೀಗಾದ್ರೂ ಸ್ವಲ್ಪ ಬಿಡುವು ಕೊಡು."

ಅಂಬ್ರೊ ತನ್ನನ್ನೇ ಕರೆದದ್ದೋ ಎಂದು ಹಿಂದೆ ತಿರುಗಿ ನೋಡಿದ. ಆಮೇಲೆ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಮೆಲ್ಲಗೆ ಬಂದು, ಬಿಟ್ಟ ಜಾಗದ ಅರ್ಧದಲ್ಲಿ ಮಾತ್ರ ಕೂತ. ಅವನಿಗೆ ನಾನು ಏನನ್ನೂ ವಿವರಿಸಲಿಲ್ಲ. ಮಕಾರ್ಯೊ ನನ್ನ ಶುಂಠಿನೀರನ್ನು ಹೂವಿನ ಎಸಳು ಮುಟ್ಟುವಷ್ಟು, ಒಂದು ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ, ಬಗ್ಗಿಸಿ ಅವನ ಕೈಗೆ ಕೊಟ್ಟ.

ಅಂಬ್ರೊ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಗಲ್ಲ ನಡುಗಲು ಶುರುವಾಯಿತು. ಅದನ್ನು ಕಂಡ ಕೂಡಲೇ ಆ ನಾಲ್ವರೂ ಮರ್ಯಾದೆಯಿಂದ ಸಮುದ್ರದ ಕಡೆ ಮುಖ ತಿರುಗಿಸಿದರು. ನಾನೂ ತಿರುಗಿಸಿದೆ. ಹುಂಜ ಮಾತ್ರ ನೋಡುತ್ತಿತ್ತು.